ಹುಡುಗರು ಓದುತ್ತಿಲ್ಲ ಅನ್ನುವ ಮೊದಲು ಅವರ ಬ್ಲೂಬುಕ್ ಬಿಚ್ಚಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಡಿಗ್ರಿ ರಿಸಲ್ಟ್ ಬಂದಾಗೆಲ್ಲ ಪತ್ರಿಕೆಯಲ್ಲಿ ಒಂದೇ ಥರದ ಓದುಗರ ಪತ್ರಗಳು ಬರುತ್ತವೆ. ಹುಡುಗರಿಗೆ ಮೊಬೈಲ್ ಜಾಸ್ತಿ ಆಯಿತು, ಛಲ ಇಲ್ಲ, ಮೇಷ್ಟ್ರು ಅಂದರೆ ಭಯ ಇಲ್ಲ ಅಂತ. ಬರೆಯುವವರ ಕಾಳಜಿ ನಿಜವಾದದ್ದೇ. ಆದರೆ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ 22 ವರ್ಷದಿಂದ ಬಿ.ಕಾಂ ಮಕ್ಕಳಿಗೆ ಅಕೌಂಟೆನ್ಸಿ ಹೇಳಿಕೊಡುತ್ತಿರುವ ನನಗೆ ಕಂಡಿದ್ದು ಬೇರೆ. ಫೇಲಾಗುವ ಮಕ್ಕಳಿಗೆ ಭಯ ಕಮ್ಮಿ ಇಲ್ಲ. ಹೊಟ್ಟೆ ತುಂಬಾ ಭಯ ಇದೆ, ಅದರ ಪಕ್ಕದಲ್ಲಿ ನಾಚಿಕೆ ಇದೆ, ತಡೆಯಲಾಗದಷ್ಟು ಬೇಸರ ಇದೆ. ಅಂಕ ಕಡಿಮೆಯಾಗುವುದಕ್ಕೂ ಈ ಮೂರಕ್ಕೂ ಇರುವ ಸಂಬಂಧವನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ಅದನ್ನು ಹೇಳುವುದಕ್ಕೇ ಈ ಪತ್ರ.

ಎರಡು ವರ್ಷದ ಹಿಂದಿನ ಮಾತು. ಮೊದಲ ಸೆಮಿಸ್ಟರಿನ ಮೊದಲ ಇಂಟರ್ನಲ್, ಅಂದರೆ ಕಾಲೇಜಿನಲ್ಲೇ ನಡೆಸುವ ಟೆಸ್ಟ್. ರಾತ್ರಿ ಊಟ ಮುಗಿಸಿ ಮಕ್ಕಳು ಉತ್ತರ ಬರೆದ ಬ್ಲೂಬುಕ್ ಕಟ್ಟು ಬಿಚ್ಚಿ ಕೂತಿದ್ದೆ. ಒಬ್ಬ ಹುಡುಗಿ ಫೈನಲ್ ಅಕೌಂಟ್ಸ್ (ವರ್ಷದ ಕೊನೆಯ ಲೆಕ್ಕಪತ್ರ) ಲೆಕ್ಕವನ್ನು, 12 ಅಂಕದ್ದು, ಪೂರ್ತಿ ಮಾಡಿದ್ದಳು. ಟ್ರೇಡಿಂಗ್ ಅಕೌಂಟ್, ಪ್ರಾಫಿಟ್ ಅಂಡ್ ಲಾಸ್, ಬ್ಯಾಲೆನ್ಸ್ ಶೀಟ್, ಎಲ್ಲಾ. ಸ್ಕೇಲ್ ಇಟ್ಟು ನೀಟಾಗಿ ಗೆರೆ ಎಳೆದಿದ್ದಳು. ಆಮೇಲೆ ಆ ಎರಡೂ ಪುಟವನ್ನು ಮೂಲೆಯಿಂದ ಮೂಲೆಗೆ ಪೆನ್ನಿನಲ್ಲಿ ಹೊಡೆದುಹಾಕಿದ್ದಳು. ಎಷ್ಟು ಒತ್ತಿ ಎಳೆದಿದ್ದಳೆಂದರೆ ಒಂದು ಕಡೆ ಕಾಗದ ಹರಿದು ಹಿಂದಿನ ಪುಟ ಕಾಣುತ್ತಿತ್ತು. ಕೆಳಗೆ ಚಿಕ್ಕ ಅಕ್ಷರದಲ್ಲಿ 'ಸಾರಿ ಮೇಡಂ' ಅಂತ. ಮುಂದಿನ ಎರಡು ಪ್ರಶ್ನೆ ಬರೆದೇ ಇಲ್ಲ.

ಹೊಡೆದುಹಾಕಿದ ಉತ್ತರಕ್ಕೆ ಅಂಕ ಕೊಡುವ ಹಾಗಿಲ್ಲ. ಆದರೂ ಮನಸ್ಸು ತಡೆಯದೆ ಗೀಟಿನ ಕೆಳಗಿದ್ದ ಅಂಕಿಗಳನ್ನು ಓದಿದೆ. ಬ್ಯಾಲೆನ್ಸ್ ಶೀಟಿನ ಎರಡು ಕಡೆಯ ಮೊತ್ತ ಒಂದೇ ಬರಬೇಕು, ಅದನ್ನೇ ಟ್ಯಾಲಿ ಆಗುವುದು ಅನ್ನುತ್ತೇವೆ. ಇವಳದ್ದರಲ್ಲಿ 900 ರೂಪಾಯಿ ವ್ಯತ್ಯಾಸ. ವ್ಯತ್ಯಾಸ 9ರಿಂದ ಭಾಗವಾದರೆ ಎಲ್ಲಾದರೂ ಅಂಕಿ ಹಿಂದುಮುಂದಾಗಿದೆಯಾ ನೋಡು ಅಂತ ಲೆಕ್ಕ ಬರೆಯುವವರು ಹೇಳುತ್ತಾರೆ. ಹಾಗೇ ಆಗಿತ್ತು. ಪ್ರಶ್ನೆಯಲ್ಲಿದ್ದ ಬಾಡಿಗೆ 5,400. ಇವಳು ಇಳಿಸಿಕೊಳ್ಳುವಾಗ 4,500 ಅಂತ ಬರೆದುಕೊಂಡಿದ್ದಳು. ಇಡೀ ಲೆಕ್ಕದಲ್ಲಿ ಅದೊಂದೇ ತಪ್ಪು. ಹೊಡೆದುಹಾಕದೆ ಬಿಟ್ಟಿದ್ದರೆ, ಸರಿಯಾದ ಪ್ರತಿ ಹಂತಕ್ಕೂ ಕೊಡುವ ಸ್ಟೆಪ್ ಮಾರ್ಕ್ಸ್‌ನಲ್ಲಿ 12ಕ್ಕೆ 10 ಬರುತ್ತಿತ್ತು.

ಮರುದಿನ ಸ್ಟಾಫ್ ರೂಮಿಗೆ ಕರೆದೆ. 'ಯಾಕಮ್ಮಾ ಹೊಡೆದುಹಾಕಿದೆ?' ಅಂದೆ. ಬಾಗಿಲ ಹತ್ತಿರವೇ ನಿಂತು ಹೇಳಿದಳು: 'ಟ್ಯಾಲಿ ಆಗ್ಲಿಲ್ಲ ಮೇಡಂ. ಎಲ್ಲಾನೂ ತಪ್ಪು ಮಾಡಿದೀನಿ ಅನ್ನಿಸ್ತು. ಕೈ ನಡುಗೋಕೆ ಶುರುವಾಯ್ತು. ಮುಂದಿನ ಪ್ರಶ್ನೆ ಓದಿದ್ರೆ ಅಕ್ಷರ ಮಾತ್ರ ಕಾಣ್ತಿತ್ತು, ಅರ್ಥ ಆಗ್ತಿರ್ಲಿಲ್ಲ.' ಆ ಮುಂದಿನ ಪ್ರಶ್ನೆ ಏನು ಗೊತ್ತಾ? ಸವಕಳಿ. ಪಿಯುಸಿಯಲ್ಲಿ ಕನ್ನಡ ಮೀಡಿಯಂನಲ್ಲಿ ಅವಳು ಹತ್ತಾರು ಸಲ ಮಾಡಿದ್ದ ಲೆಕ್ಕ. ನನ್ನೆದುರಿಗೆ ಕೂರಿಸಿ ಕೊಟ್ಟೆ, ಎಂಟು ನಿಮಿಷದಲ್ಲಿ ಮಾಡಿದಳು.

ಆ ಬ್ಲೂಬುಕ್ ಮೇಲೆ ನಾನು ಹಾಕಿದ ಅಂಕ 20ಕ್ಕೆ 3. ಆ 3 ನೋಡಿದವರು ಯಾರೇ ಆದರೂ ಇವಳಿಗೆ ವಿಷಯ ಬರಲ್ಲ ಅಂದುಕೊಳ್ಳುತ್ತಾರೆ ಅಲ್ವಾ? ಅವಳಿಗೆ ವಿಷಯ ಬರುತ್ತಿತ್ತು. ಹೆದರಿದ ಹತ್ತು ನಿಮಿಷ ಅವಳ ಅಂಕ ತಿಂದಿತ್ತು.

ಇದನ್ನು ಸುಮ್ನೆ ತಾಯಿಕರುಳಿನ ಮಾತು ಅಂತ ತಳ್ಳಿಹಾಕಬೇಡಿ. ನಾನು ಒಂದು ರಿಫ್ರೆಶರ್ ಕೋರ್ಸಿನಲ್ಲಿ ರೈನ್‌ಹಾರ್ಡ್ ಪೆಕ್ರುನ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರ ಕೆಲಸದ ಬಗ್ಗೆ ಮೊದಲ ಸಲ ಕೇಳಿದೆ. ಅವರಿಗಿಂತ ಮೊದಲು ಈ ವಿಷಯದಲ್ಲಿ ನಡೆದ ಸಂಶೋಧನೆ ಹೆಚ್ಚಾಗಿ ಪರೀಕ್ಷೆಯ ಭಯವೊಂದರ ಸುತ್ತ ಇತ್ತು. ಪೆಕ್ರುನ್ ಮತ್ತು ಜೊತೆಗಾರರು 2002ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಓದುವ ಮಕ್ಕಳ ಮನಸ್ಸಿನಲ್ಲಿ ಭಯ ಬಿಟ್ಟು ಇನ್ನೂ ಎಷ್ಟೋ ಇದೆ, ಅವೂ ಅಂಕದ ಜೊತೆ ಸೇರಿಕೊಂಡಿವೆ ಎಂದು ತೋರಿಸಿದರು. 2011ರಲ್ಲಿ ಅವರು ಪ್ರಕಟಿಸಿದ ಪ್ರಶ್ನಾವಳಿ ಒಂಬತ್ತು ಭಾವನೆಗಳನ್ನು ಅಳೆಯುತ್ತದೆ: ಖುಷಿ, ಭರವಸೆ, ಹೆಮ್ಮೆ, ನಿರಾಳ, ಸಿಟ್ಟು, ಆತಂಕ, ನಾಚಿಕೆ, ಹತಾಶೆ, ಬೇಸರ. ತರಗತಿಯಲ್ಲಿ ಕೂತಾಗ ಹೇಗನ್ನಿಸುತ್ತದೆ, ಒಬ್ಬರೇ ಓದುವಾಗ ಹೇಗೆ, ಪರೀಕ್ಷೆ ಬರೆಯುವಾಗ ಹೇಗೆ ಅಂತ ಬೇರೆ ಬೇರೆಯಾಗಿ ಕೇಳುತ್ತದೆ. ಪಟ್ಟಿ ನೋಡಿದಾಗ ನನಗೆ ನನ್ನ ಕ್ಲಾಸಿನ ಬೆಂಚುಗಳೇ ಕಣ್ಣ ಮುಂದೆ ಬಂದವು. ಯಾವ ಬೆಂಚಿನಲ್ಲಿ ಯಾವುದು ಕೂತಿರುತ್ತದೆ ಅಂತ ಬೆರಳಿಟ್ಟು ತೋರಿಸಬಹುದಿತ್ತು.

ಅವರು ಹೇಳುವ ಮುಖ್ಯ ಮಾತು ಸರಳವಾಗಿದೆ. ಪುಸ್ತಕ ತೆರೆದ ವಿದ್ಯಾರ್ಥಿಯ ಮನಸ್ಸು ಎರಡು ಪ್ರಶ್ನೆ ಕೇಳಿಕೊಳ್ಳುತ್ತದೆ. ಇದು ನನ್ನ ಕೈಲಾಗುತ್ತಾ? ಇದರಿಂದ ನನಗೇನು? ಆಗುತ್ತೆ, ಬೇಕು ಅನ್ನಿಸಿದರೆ ಓದಿನಲ್ಲಿ ಖುಷಿ ಬರುತ್ತದೆ. ಬೇಕು, ಆದರೆ ಆಗುತ್ತೋ ಇಲ್ಲವೋ ಅಂದರೆ ಭಯ. ಬೇಕೇ ಬೇಕು, ಆದರೆ ಖಂಡಿತ ಆಗಲ್ಲ ಅನ್ನಿಸಿದರೆ ಹತಾಶೆ. ಯಾಕೆ ಬೇಕು ಅಂತಲೇ ಗೊತ್ತಿಲ್ಲದಿದ್ದರೆ ಬೇಸರ.

ಭಯ ಅಂಕ ತಿನ್ನುವುದು ಹೇಗೆ ಅಂತ ನಮ್ಮ ವಿಷಯದಲ್ಲೇ ಹೇಳುತ್ತೇನೆ. ಫೈನಲ್ ಅಕೌಂಟ್ಸ್‌ನಲ್ಲಿ ಪ್ರತಿ ಅಡ್ಜಸ್ಟ್‌ಮೆಂಟ್ (ವರ್ಷದ ಕೊನೆಗೆ ಸೇರಿಸುವ ಹೊಂದಾಣಿಕೆ) ಎರಡು ಕಡೆ ಬರಬೇಕು. ಕೊಡಬೇಕಾದ ಸಂಬಳವನ್ನು ಖರ್ಚಿಗೆ ಸೇರಿಸಬೇಕು, ಅದನ್ನೇ ನೆನಪಿಟ್ಟುಕೊಂಡು ಬ್ಯಾಲೆನ್ಸ್ ಶೀಟಿನಲ್ಲೂ ತೋರಿಸಬೇಕು. ಹೀಗೆ ಐದಾರು ಇರುತ್ತವೆ. ಅಷ್ಟನ್ನೂ ತಲೆಯಲ್ಲಿ ಹಿಡಿದುಕೊಂಡೇ ಮುಂದೆ ಹೋಗಬೇಕು. ಹಾಗೆ ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳಲು ನಮ್ಮ ತಲೆಯಲ್ಲಿರುವ ಜಾಗ ತುಂಬಾ ಚಿಕ್ಕದು. 'ಫೇಲಾದರೆ ಅಪ್ಪನಿಗೆ ಏನು ಹೇಳಲಿ' ಅನ್ನುವ ಯೋಚನೆ ಒಳಗೆ ಬಂದರೆ ಅದೂ ಅದೇ ಜಾಗದಲ್ಲಿ ಕೂರುತ್ತದೆ. ಆಗ ಸಂಬಳದ ಎಂಟ್ರಿ ಹೊರಗೆ ಬೀಳುತ್ತದೆ. ಓದಿದ್ದೆಲ್ಲ ಮರೆತುಹೋಯಿತು ಅಂತ ಮಕ್ಕಳು ಅಳುತ್ತಾರಲ್ಲ, ಅವರು ಸುಳ್ಳು ಹೇಳುತ್ತಿಲ್ಲ. ಹಾಲ್‌ನಿಂದ ಹೊರಗೆ ಬಂದು ಮೆಟ್ಟಿಲು ಇಳಿಯುವಷ್ಟರಲ್ಲಿ ಎಲ್ಲಾ ವಾಪಸ್ ನೆನಪಾಗುತ್ತದೆ, ಅದು ಇನ್ನೂ ಸಂಕಟ.

ಇನ್ನು ಬೇಸರ. ಇದನ್ನು ನಾವು ಸೋಮಾರಿತನ ಅಂತ ಕರೆದು ಮುಗಿಸಿಬಿಡುತ್ತೇವೆ. ಪೆಕ್ರುನ್ ತಂಡ 424 ವಿಶ್ವವಿದ್ಯಾಲಯ ವಿದ್ಯಾರ್ಥಿಗಳನ್ನು ಒಂದು ಶೈಕ್ಷಣಿಕ ವರ್ಷ ಪೂರ್ತಿ ಗಮನಿಸಿ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಬೇಸರ ಹೆಚ್ಚಾದಂತೆ ಮುಂದಿನ ಪರೀಕ್ಷೆಯ ಅಂಕ ಇಳಿಯಿತು. ಅಂಕ ಇಳಿದಂತೆ ಬೇಸರ ಇನ್ನೂ ಹೆಚ್ಚಾಯಿತು. ಎತ್ತು ಗಾಣ ಸುತ್ತಿದ ಹಾಗೆ, ಒಮ್ಮೆ ಒಳಗೆ ಬಿದ್ದರೆ ಅಲ್ಲೇ ಸುತ್ತುವುದು. ಬೇಸರ ಬರುವುದು ಪಾಠ ಸುಲಭವಾದಾಗ ಮಾತ್ರ ಅಲ್ಲ, ಕೈಗೆ ಸಿಗದಷ್ಟು ಕಷ್ಟವಾದಾಗಲೂ ಬರುತ್ತದೆ. ನಮ್ಮ ಕಡೆ ಎರಡನೆಯದೇ ಜಾಸ್ತಿ. ಲೆಡ್ಜರ್ (ಒಂದೊಂದು ಖಾತೆಯ ಲೆಕ್ಕ ಬೇರೆ ಬೇರೆ ಬರೆಯುವ) ಹಂತದಲ್ಲಿ ಕೈತಪ್ಪಿದ ಹುಡುಗನಿಗೆ ಆಮೇಲಿನ ಎರಡು ತಿಂಗಳ ಪಾಠ ಗೊತ್ತಿಲ್ಲದ ಭಾಷೆಯ ಪಿಕ್ಚರ್ ಇದ್ದ ಹಾಗೆ. ಬೋರ್ಡ್ ಮೇಲಿನದ್ದನ್ನು ಇಳಿಸಿಕೊಳ್ಳುತ್ತಾನೆ, ಒಳಗೆ ಏನೂ ಹೋಗುವುದಿಲ್ಲ. ಮೊಬೈಲ್ ಅವನ ಕೈಗೆ ಬರುವುದು ಇದಾದ ಮೇಲೆ. ಮೊಬೈಲ್ ಕಿತ್ತುಕೊಂಡರೆ ಕಿಟಕಿಯಾಚೆ ನೋಡುತ್ತಾನೆ ಅಷ್ಟೇ, ಲೆಡ್ಜರ್ ಅರ್ಥವಾಗುವುದಿಲ್ಲ.

ನಾಚಿಕೆಯ ವಿಷಯ ಬರೆಯುವುದು ನನಗೆ ಕಷ್ಟ, ಯಾಕೆಂದರೆ ಅದರಲ್ಲಿ ನನ್ನ ಪಾಲೂ ಇದೆ. ಕೆಲಸಕ್ಕೆ ಸೇರಿದ ಮೇಲೆ ಸುಮಾರು ಹನ್ನೆರಡು ವರ್ಷ ನಾನು ಇಂಟರ್ನಲ್ ಅಂಕಗಳನ್ನು ಕ್ಲಾಸಿನಲ್ಲಿ ಜೋರಾಗಿ ಓದುತ್ತಿದ್ದೆ. ಕಡಿಮೆ ತೆಗೆದವರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದೆ. ನಾಲ್ಕು ಜನರ ಮುಂದೆ ಅವಮಾನವಾದರೆ ಛಲ ಬರುತ್ತದೆ ಅಂತ ನಂಬಿದ್ದೆ, ನನಗೆ ಕಲಿಸಿದವರೂ ಹಾಗೇ ಮಾಡಿದ್ದರು. ಒಂದು ವರ್ಷ ಒಬ್ಬ ಹುಡುಗ, ಪಿಯುಸಿಯಲ್ಲಿ ಡಿಸ್ಟಿಂಕ್ಷನ್ ತೆಗೆದವನು, ಮೊದಲ ಟೆಸ್ಟಿನಲ್ಲಿ 20ಕ್ಕೆ 5 ತೆಗೆದ. ಓದಿದೆ, ನಿಲ್ಲಿಸಿದೆ. ಆಮೇಲೆ ಅವನು ನನ್ನ ಕ್ಲಾಸಿಗೆ ಬರಲೇ ಇಲ್ಲ. ಕಾಲೇಜಿಗೆ ದಿನಾ ಬರುತ್ತಿದ್ದ. ಬೇರೆಯವರ ಪೀರಿಯಡ್‌ನಲ್ಲಿ ಕೂರುತ್ತಿದ್ದ. ನನ್ನ ಪೀರಿಯಡ್ ಬಂದರೆ ಬ್ಯಾಗ್ ತಗುಲಿಸಿಕೊಂಡು ಗೇಟಿನ ಹತ್ತಿರದ ಟೀ ಅಂಗಡಿ ಹಿಂದೆ ನಿಲ್ಲುತ್ತಿದ್ದನಂತೆ. ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಅವನ ಅಮ್ಮ ಬಂದರು. ಗಾರೆ ಕೆಲಸದಿಂದ ನೇರ ಬಂದಿದ್ದರು, ಸೆರಗಿನಲ್ಲಿ ಸಿಮೆಂಟ್ ಹಾಗೇ ಇತ್ತು. 'ನನ್ ಮಗ ದಿನಾ ಕಾಲೇಜಿಗೇ ಬರ್ತಾನೆ ಮೇಡಂ, ನಾನೇ ಬುತ್ತಿ ಕಟ್ಟಿ ಕಳಿಸ್ತೀನಿ' ಅಂದರು. ಹುಡುಗ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಅಮ್ಮ ನೀರು ಕುಡಿಯಲು ಆಚೆ ಹೋದಾಗ ಮೆಲ್ಲಗೆ ಹೇಳಿದ: 'ಬಂದ್ರೆ ಮತ್ತೆ ಎಲ್ರ ಮುಂದೆ ಎಬ್ಬಿಸ್ತೀರಾ ಅಂತ ಮೇಡಂ.'

ಅವನು ಆ ವರ್ಷವೇ ಕಾಲೇಜು ಬಿಟ್ಟ. ಅವತ್ತಿನಿಂದ ನಾನು ಅಂಕ ಓದುವುದನ್ನು ನಿಲ್ಲಿಸಿದೆ. ಬ್ಲೂಬುಕ್ ಮಡಚಿ ಅವರವರ ಕೈಗೇ ಕೊಡುತ್ತೇನೆ. ಆದರೆ ಆ ಹುಡುಗನಿಗೆ ಅದರಿಂದ ಏನೂ ಆಗಲಿಲ್ಲ.

ಕನ್ನಡ ಮೀಡಿಯಂನಿಂದ ಬಂದ ಮಕ್ಕಳಿಗೆ ಈ ನಾಚಿಕೆ ಇನ್ನೂ ದೊಡ್ಡದು. ತಾಳೆಪಟ್ಟಿ ಅಂದರೆ ಗೊತ್ತು, ಟ್ರಯಲ್ ಬ್ಯಾಲೆನ್ಸ್ ಅಂದ ಕೂಡಲೇ ಇದೇನೋ ಹೊಸದು ಅಂತ ಗಾಬರಿ. ಎರಡೂ ಒಂದೇ ಅಂತ ಹೇಳಲು ಅರ್ಧ ನಿಮಿಷ ಸಾಕು. ಆದರೆ ಅವರು ಕೇಳುವುದಿಲ್ಲ. ಪಕ್ಕದವರು ನಕ್ಕಾರು ಅಂತ ಸುಮ್ಮನಿರುತ್ತಾರೆ. ಗೊತ್ತಿದ್ದ ವಿಷಯವನ್ನೇ ಗೊತ್ತಿಲ್ಲ ಅಂದುಕೊಂಡು ಒಂದು ಸೆಮಿಸ್ಟರ್ ಕಳೆಯುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ಹೊಟ್ಟೆ ಉರಿಯುತ್ತದೆ.

ಸ್ವಲ್ಪ ಭಯ ಇದ್ದರೆ ತಾನೆ ಓದುವುದು ಅಂತ ನಮ್ಮ ಸಹೋದ್ಯೋಗಿಗಳೂ ಕೇಳುತ್ತಾರೆ, ತಂದೆತಾಯಿಯೂ ಕೇಳುತ್ತಾರೆ. ಪೂರ್ತಿ ಸುಳ್ಳೇನಲ್ಲ. ಕೆಲವು ಮಕ್ಕಳನ್ನು ಭಯ ಪುಸ್ತಕದ ಮುಂದೆ ಕೂರಿಸುತ್ತದೆ. ಆದರೆ ಹೆದರಿ ಓದುವವರು ಉರು ಹೊಡೆಯುತ್ತಾರೆ. ಖುಷಿಯಿಂದ ಓದುವವರು ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ ಹುಡುಕುತ್ತಾರೆ, ಬೇರೆ ದಾರಿಯಲ್ಲಿ ಮಾಡಿ ನೋಡುತ್ತಾರೆ. ಪೆಕ್ರುನ್ ಅವರೂ ಇದನ್ನೇ ಹೇಳುತ್ತಾರೆ, ನನ್ನ ಬ್ಲೂಬುಕ್‌ಗಳೂ ಇದನ್ನೇ ಹೇಳುತ್ತವೆ. ಗೈಡ್‌ನಲ್ಲಿದ್ದ ಲೆಕ್ಕವನ್ನೇ ಅಂಕಿ ಬದಲಿಸಿ ಕೊಟ್ಟರೆ ಉರು ಹೊಡೆದವರು ಮಾಡುತ್ತಾರೆ. ಒಂದೇ ಒಂದು ಹೊಸ ಅಡ್ಜಸ್ಟ್‌ಮೆಂಟ್ ಸೇರಿಸಿ, ಅಲ್ಲೇ ನಿಂತುಬಿಡುತ್ತಾರೆ.

ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಭಯವನ್ನು ಕಾಗದದ ಮೇಲೆ ಬರೆದರೆ ಅಂಕ ಹೆಚ್ಚುತ್ತದೆ ಅಂತ ಶಿಕಾಗೋ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2011ರಲ್ಲಿ ಪ್ರಕಟಿಸಿದ್ದರು. ನಾನೂ ಆಸೆಯಿಂದ ಓದಿದ್ದೆ, ಒಂದು ಸಲ ಮಕ್ಕಳ ಕೈಲಿ ಬರೆಸಿಯೂ ಇದ್ದೆ. ಬೇರೆಯವರು ಅದೇ ಪ್ರಯೋಗವನ್ನು ಮತ್ತೆ ಮಾಡಿ 2018ರಲ್ಲಿ ಪ್ರಕಟಿಸಿದಾಗ ಆ ಫಲ ಕಾಣಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಈಗ ಕಾಲೇಜುಗಳಲ್ಲಿ ಪರೀಕ್ಷೆಗೆ ವಾರ ಇರುವಾಗ ಯಾರನ್ನಾದರೂ ಕರೆಸಿ ಎರಡು ಗಂಟೆ ಭಾಷಣ ಮಾಡಿಸುವ ಪದ್ಧತಿ ಬಂದಿದೆ. ಆತ್ಮವಿಶ್ವಾಸ ಬೆಳೆಸಿಕೊಳ್ಳಿ, ಪಾಸಿಟಿವ್ ಆಗಿರಿ ಅಂತ. ಮಕ್ಕಳು ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತಾರೆ. ಕೈಲಾಗುತ್ತೆ ಅನ್ನುವ ನಂಬಿಕೆ ಭಾಷಣದಿಂದ ಬರುವುದು ನಾನು ನೋಡಿಲ್ಲ. ಒಂದು ಲೆಕ್ಕವನ್ನು ಕೈಯಾರೆ ಮಾಡಿ, ತಪ್ಪಿದ್ದೆಲ್ಲಿ ಅಂತ ಯಾರೋ ತೋರಿಸಿ, ಮತ್ತೆ ಮಾಡಿ, ಸರಿ ಬಂದಾಗ ಬರುತ್ತದೆ.

ಆ ಹುಡುಗಿಯ ವಿಷಯದಲ್ಲಿ ನಾನು ಮಾಡಿದ್ದೂ ಅಷ್ಟೇ. 900 ಹೇಗೆ ಬಂತು ಅಂತ ತೋರಿಸಿದೆ. ಟ್ಯಾಲಿ ಆಗದಿದ್ದರೆ ಎರಡು ನಿಮಿಷ ಹುಡುಕು, ಸಿಗದಿದ್ದರೆ ಹಾಗೇ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗು, ಯಾವತ್ತೂ ಹೊಡೆದುಹಾಕಬೇಡ ಅಂದೆ. ಸ್ಟೆಪ್‌ಗೆ ಅಂಕ ಇದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ! ಎಲ್ಲಾ ಸೇರಿ ಇಪ್ಪತ್ತು ನಿಮಿಷ ಹಿಡಿಯಿತು. ಎರಡನೇ ಇಂಟರ್ನಲ್‌ನಲ್ಲಿ 20ಕ್ಕೆ 13 ಬಂತು. ಆಗಲೂ ಅವಳ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗಿರಲಿಲ್ಲ. ಆದರೆ ಹೊಡೆದುಹಾಕಿರಲಿಲ್ಲ. ಈಗ ಮೂರನೇ ವರ್ಷಕ್ಕೆ ಬಂದಿದ್ದಾಳೆ, ಒಂದೂ ಬ್ಯಾಕ್ ಉಳಿಸಿಕೊಂಡಿಲ್ಲ.

ಇಪ್ಪತ್ತು ನಿಮಿಷ ದೊಡ್ಡ ವಿಷಯವಲ್ಲ ಅನ್ನಿಸಬಹುದು. ನನ್ನ ಒಂದು ಸೆಕ್ಷನ್‌ನಲ್ಲಿ 80 ಮಕ್ಕಳಿದ್ದಾರೆ. ಡಿಗ್ರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾಗ ನಡೆಸುತ್ತಿರುವವರು ಅತಿಥಿ ಉಪನ್ಯಾಸಕರು. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು ಅಂತ ಬಸ್ಸಿನಲ್ಲಿ ಓಡಾಡುವವರೂ ಅವರಲ್ಲಿದ್ದಾರೆ. ಮಗುವಿನ ಜೊತೆ ಕೂತು ಮಾತಾಡು ಅಂತ ಅವರಿಗೆ ಯಾವ ಬಾಯಲ್ಲಿ ಹೇಳುವುದು? ಒಬ್ಬೊಬ್ಬ ಮೇಷ್ಟ್ರಿಗೆ ಇಷ್ಟಿಷ್ಟು ಮಕ್ಕಳನ್ನು ವಹಿಸುವ ಮೆಂಟರ್ ವ್ಯವಸ್ಥೆ ಅಂತ ಒಂದಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು ಅಂತ ಕೇಳುತ್ತಾರೆ. ಹಾಗಾಗಿ ಮೆಂಟರ್ ಪುಸ್ತಕ ಇರುತ್ತದೆ, ಅದರಲ್ಲಿ ರಕ್ತದ ಗುಂಪು, ತಂದೆಯ ಆದಾಯ ಎಲ್ಲಾ ಬರೆದಿರುತ್ತದೆ. ಮೊದಲ ಟೆಸ್ಟಿನಲ್ಲಿ ಏನಾಯಿತು, ಯಾಕಾಯಿತು ಅಂತ ಬರೆಯುವ ಕಾಲಂ ನಾನು ತುಂಬಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ತರಬೇತಿ ಪಡೆದ ಒಬ್ಬ ಆಪ್ತ ಸಮಾಲೋಚಕರನ್ನಾದರೂ ನೇಮಿಸಿಕೊಳ್ಳಬೇಕು ಅಂತ ಹೇಳಿದೆ. ಫಲಿತಾಂಶದ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡುವುದು, ಎಲ್ಲರೆದುರು ಅವಮಾನ ಮಾಡುವುದು, ಇವನ್ನು ಬಿಡಿ ಅಂತಲೂ ಹೇಳಿದೆ. ಓದಿದಾಗ ನನಗೆ ಆ ಟೀ ಅಂಗಡಿ ನೆನಪಾಯಿತು. ಸಮಾಲೋಚಕರು ಬೇಕೇ ಬೇಕು. ತೀರಾ ಕುಗ್ಗಿಹೋಗಿರುವ, ಜೀವನವೇ ಸಾಕು ಅನ್ನಿಸಿರುವ ಮಕ್ಕಳಿಗೆ ನಮ್ಮಂಥ ಲೆಕ್ಚರರ್‌ಗಳ ಮಾತು ಸಾಲದು, ಗೊತ್ತಿದ್ದವರೇ ಬೇಕು. ಈ ಪತ್ರ ಓದುತ್ತಿರುವ ವಿದ್ಯಾರ್ಥಿ ಯಾರಾದರೂ ಹಾಗಿದ್ದರೆ ಟೆಲಿ-ಮಾನಸ್ 14416ಕ್ಕೆ ಈಗಲೇ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆದರೆ ಎಲ್ಲಾ ಭಾರವನ್ನೂ ಸಮಾಲೋಚಕರ ಮೇಲೆ ಹಾಕಿ ನಾವು ಕೈತೊಳೆದುಕೊಳ್ಳುವ ಹಾಗಿಲ್ಲ. 20ಕ್ಕೆ 3 ಬಂದ ಹುಡುಗಿಗೆ ಕೌನ್ಸೆಲಿಂಗ್ ಬೇಕಿರಲಿಲ್ಲ. ಅವಳ ಲೆಕ್ಕ ನೋಡಿ ಇದು ಸರಿ, ಇದೊಂದು ತಪ್ಪು ಅನ್ನುವ ಒಬ್ಬರು ಬೇಕಿತ್ತು. ಅದೂ ಬೇಗ ಬೇಕಿತ್ತು. ಸೆಮಿಸ್ಟರ್ ಪರೀಕ್ಷೆ ಮುಗಿದು ಫಲಿತಾಂಶ ಬರುವಷ್ಟರಲ್ಲಿ ಮುಂದಿನ ಸೆಮಿಸ್ಟರ್ ಎಷ್ಟೋ ದೂರ ಹೋಗಿರುತ್ತದೆ. ಅಲ್ಲಿಯವರೆಗೆ 'ನನ್ನ ಕೈಲಾಗಲ್ಲ' ಅನ್ನುವುದು ಗಟ್ಟಿಯಾಗಿಬಿಟ್ಟಿರುತ್ತದೆ. ಎಳೆಯದಿದ್ದಾಗ ಕೀಳುವುದು ಸುಲಭ. ಮೊದಲ ಸೆಮಿಸ್ಟರಿನ ಮೊದಲ ಇಂಟರ್ನಲ್‌ಗೆ ನಾನು ಇಷ್ಟು ಜೋತುಬೀಳುವುದು ಅದಕ್ಕೇ.

ಕಾಲೇಜು ಶಿಕ್ಷಣ ಇಲಾಖೆಯವರನ್ನು ನಾನು ಕೇಳಿಕೊಳ್ಳುವುದು ದೊಡ್ಡ ಯೋಜನೆಯನ್ನಲ್ಲ. ಮೊದಲ ಸೆಮಿಸ್ಟರ್ ಮಕ್ಕಳ ಮೊದಲ ಇಂಟರ್ನಲ್ ಮುಗಿದ ವಾರದೊಳಗೆ ಬ್ಲೂಬುಕ್ ಅವರ ಕೈಗೆ ವಾಪಸ್ ಹೋಗಬೇಕು. ಕಡಿಮೆ ಅಂಕ ಬಂದ ಪ್ರತಿಯೊಬ್ಬರ ಜೊತೆ ಪಾಠ ಮಾಡಿದವರೇ ಹದಿನೈದು ನಿಮಿಷ ಕೂರಬೇಕು, ಬ್ಲೂಬುಕ್ ಮುಂದಿಟ್ಟುಕೊಂಡು. ಅದಕ್ಕೆ ಟೈಮ್‌ಟೇಬಲ್‌ನಲ್ಲಿ ವಾರಕ್ಕೆ ಎರಡು ಗಂಟೆ ಇಡಿ. ಅತಿಥಿ ಉಪನ್ಯಾಸಕರಿಗೆ ಆ ಎರಡು ಗಂಟೆಯನ್ನು ಕಾರ್ಯಭಾರದಲ್ಲಿ ಸೇರಿಸಿ, ಬಿಟ್ಟಿ ಮಾಡಿಸಬೇಡಿ. ಇಂಟರ್ನಲ್ ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿರಲಿ.

ತಂದೆತಾಯಿಗೂ ಒಂದು ಮಾತು. ಮಗ ಮಗಳು ಟೆಸ್ಟ್ ಬರೆದು ಬಂದ ದಿನ ಎಷ್ಟು ಬರುತ್ತೆ ಅಂತ ಕೇಳುವ ಬದಲು ಯಾವುದು ಕಷ್ಟ ಆಯ್ತು ಅಂತ ಕೇಳಿ. ನಿಮಗೆ ವಿಷಯ ಗೊತ್ತಿರಬೇಕಾಗಿಲ್ಲ. ಅವರು ಬಾಯಿಬಿಟ್ಟು ಹೇಳಿದರೆ ಅರ್ಧ ಭಾರ ಇಳಿಯುತ್ತದೆ.

ಈ ಸಲದ ಹೊಸ ಬ್ಯಾಚ್ ಬಂದು ಮೂರು ವಾರವಾಯಿತು. ನಮ್ಮಲ್ಲಿ ಮೊದಲ ಇಂಟರ್ನಲ್ ಎಂಟನೇ ವಾರಕ್ಕೆ ಇದೆ. ಅಷ್ಟರೊಳಗೆ ಒಂದು ಸುತ್ತೋಲೆ ಬಂದರೂ ಸಾಕು.

ಒಬ್ಬ ಕಾಮರ್ಸ್ ಉಪನ್ಯಾಸಕಿ
ಚಿತ್ರದುರ್ಗ ಜಿಲ್ಲೆ